ಅರ್ಧ ಕಿಲೋ ಕರದಂಟು ಮತ್ತು ಎತ್ತೋ ಗಾಡಿ

ಇಳಕಲ್ಲ, ೮ ಮಾರ್ಚ್ ೧೯೮೩

ಸಾಕ್ಷಿದಾರರು ಯಾರೂ ಇಲ್ಲದ ಈ ನೋಟ್‌ಬುಕ್ಕಿನ ಮುಂದೆ, ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು (ಬಲಗೈಯಲ್ಲಿ ಪೆನ್ನಿದೆ), ಸ್ವಸ್ಥಚಿತ್ತನಾಗಿ, ಯಾರ ಒತ್ತಾಯಕ್ಕೂ ಒಳಗಾಗದೆ ಒಪ್ಪಿಕೊಳ್ಳುತ್ತೇನೆ: ನಿನ್ನೆ ಅಮೀನಗಡದಿಂದ ಬಾಗಲಕೋಟೆಗೆ ಹೋಗುವ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ, ಪರರ ಸ್ವತ್ತಾದ ಅರ್ಧ ಕಿಲೋ ಕರದಂಟನ್ನು ನಾನು ತಿಂದೆ.

ಸಂಚು ಇರಲಿಲ್ಲ. ಪೊಟ್ಟಣದ ಮೂಲೆ ಹರಿದಿತ್ತು. ಹರಿದ ಮೂಲೆಯಿಂದ ಒಂದು ತುಂಡು ಇಣುಕುತ್ತಿತ್ತು. ಬಿದ್ದೀತೆಂದು ಬಾಯಿಗೆ ಹಾಕಿಕೊಂಡೆ. ಆಮೇಲೆ ಅದರ ಜಾಗ ಖಾಲಿಯಾಗಿ ಉಳಿದವು ಅಲುಗಾಡತೊಡಗಿದವು. ಬಾಗಲಕೋಟೆ ಬರುವಷ್ಟರಲ್ಲಿ ಪೊಟ್ಟಣದಲ್ಲಿ ಗಸಗಸೆ ಮಾತ್ರ ಇತ್ತು. ಕರದಂಟು ಎಂದರೆ ಕರಕ್ಕೆ ಅಂಟುವುದು ಎಂಬ ವ್ಯುತ್ಪತ್ತಿಯನ್ನು ನಾನು ಇದೇ ಬಸ್ಸಿನಲ್ಲಿ ಕಂಡುಹಿಡಿದೆ.

ಇದು ಬರೀ ಹೊಟ್ಟೆಬಾಕತನವಾಗಿದ್ದರೆ ಬರೆಯುತ್ತಿರಲಿಲ್ಲ. ಕರದಂಟು ಇಬ್ರಾಹಿಂಸಾಬರ ಫೀಜು. ಬಾಗಲಕೋಟೆಯ ಈ ಹಳೆಯ ಮಿಸ್ತ್ರಿ ನಮ್ಮ ಮಾವ ಹುಲ್ಲಪ್ಪ ಸಾವಕಾರರ ಬಾಲ್ಯದ ಗೆಳೆಯ. ಮಾವನವರು ಕೊಳ್ಳುವ ಯಾವ ಯಂತ್ರವನ್ನೂ ಮೊದಲು ಸಾಬರು ಮುಟ್ಟಿ ನೋಡಬೇಕು. ಇದಕ್ಕೆ ದುಡ್ಡು ಮುಟ್ಟುವುದಿಲ್ಲ. ಅಮೀನಗಡದ ಕರದಂಟು ತಂದುಕೊಟ್ಟರೆ ಎದ್ದು ಬರುತ್ತಾರೆ, ತರದಿದ್ದರೆ ಕೂತಲ್ಲಿಂದಲೇ ಕ್ಷೇಮಸಮಾಚಾರ ಕೇಳಿ ಕಳಿಸುತ್ತಾರೆ. ನಲವತ್ತು ವರ್ಷದ ಪದ್ಧತಿ.

ಮಾವನವರ ಗ್ರಾನೈಟ್ ಫ್ಯಾಕ್ಟರಿಗೆ ಒಂದು ಫೋರ್ಕ್‌ಲಿಫ್ಟ್ ಬೇಕು. ಮುಚ್ಚಿದ ಹತ್ತಿ ಗಿರಣಿಯೊಂದರಿಂದ ಬಂದ ಹಳೆಯದೊಂದು ಬಾಗಲಕೋಟೆಯ ವ್ಯಾಪಾರಿಯ ಹತ್ತಿರ ಇತ್ತು. "ಸಾಬನ್ನ ಕರಕೊಂಡು ಹೋಗಿ ತೋರ್ಸ್ರಿ. ಅಂವ ಹೂಂ ಅಂದ್ರ ಮಾತ್ರ ಮುಂಗಡ ಕೊಡ್ರಿ," ಎಂದು ಮಾವನವರು ಕಳಿಸಿದ್ದರು.

ಗಸಗಸೆ ಹಿಡಿದುಕೊಂಡು ಸಾಬರ ಓಣಿಯವರೆಗೂ ಹೋದೆ. ತಿರುಗಿ ಬಂದೆ. ಯಂತ್ರವನ್ನು ನಾನೇ ನೋಡಿದೆ. ವ್ಯಾಪಾರಿಯ ಆಳು ಎರಡು ಕಬ್ಬಿಣದ ಕೊಂಬುಗಳನ್ನು ಖಾಲಿಯಾಗಿಯೇ ಮೇಲೆತ್ತಿದ, ಕೆಳಗಿಳಿಸಿದ. ನಾನು ಗಂಭೀರವಾಗಿ ತಲೆಯನ್ನು ಅದೇ ದಿಕ್ಕಿನಲ್ಲಿ ಆಡಿಸಿದೆ. ಅವನು ಅದನ್ನು ಒಪ್ಪಿಗೆ ಎಂದುಕೊಂಡ. ಮುಂಗಡ ಕೊಟ್ಟೆ.

೧೧ ಮಾರ್ಚ್

ಯಂತ್ರ ಲಾರಿಯಲ್ಲಿ ಬಂತು. ಇನ್ನು ಮೇಲೆ ಹಾಸುಗಲ್ಲನ್ನು ಎಂಟು ಜನ ಹಾರೆ ಹಾಕಿ ಒದ್ದಾಡಬೇಕಾಗಿಲ್ಲ ಎಂದು ಕೂಲಿಯವರೆಲ್ಲ ಸುತ್ತ ನಿಂತರು. ಬೀರಲಿಂಗಪ್ಪ ಹತ್ತಿ ಕೂತ. ಹುನಗುಂದದ ಕಡೆಯವನು, ಹಿರಿಯರು ಕುರಿ ಕಾಯ್ದವರು, ಇವನು ಟ್ರ್ಯಾಕ್ಟರ್ ಓಡಿಸಿದವನು. ಕೊಂಬುಗಳಿಗೆ ಬೀರಪ್ಪನ ಭಂಡಾರದ ಅರಿಷಿಣ ಹಚ್ಚಿ, "ಇದು ಎತ್ತತೈತಿ, ಕೊಂಬ ಅದಾವು. ಇದಕ್ಕ ಎತ್ತು ಅನ್ನೂಣು," ಎಂದ. ಶ್ಲೇಷಾಲಂಕಾರದ ಮೇಲೆ ಎರಡು ವರ್ಷ ಪಾಠ ಮಾಡಿದ ನನಗೆ ಹೊಳೆಯುವ ಮೊದಲೇ ಅವನಿಗೆ ಹೊಳೆಯಿತು. ಕೊಂಚ ಹೊಟ್ಟೆಕಿಚ್ಚಾಯಿತು.

ಮಾವನವರು ಕೇಳಿದರು: "ಸಾಬ ಏನಂದಾನ್ರಿ?"

"ಗಟ್ಟಿ ಐತಿ ಅಂದ್ರು."

"ಕರದಂಟು?"

"ಭಾಳ ರುಚಿ ಇತ್ತು," ಎಂದೆ. ತಕ್ಷಣ, "ಅಂದ್ರು," ಎಂದು ಸೇರಿಸಿದೆ.

ದಿನಚರಿಯೇ, ಇದರಲ್ಲಿ ಸುಳ್ಳು ಒಂದೇ ಒಂದು ಪದ.

೨ ಏಪ್ರಿಲ್

ಯಂತ್ರದ ಯೋಗಕ್ಷೇಮವೆಲ್ಲ ನನ್ನ ಪಾಲಿಗೆ ಬಂದಿದೆ. "ನೀವ ಆರಿಸಿ ತಂದೀರಿ, ನೀವ ನೋಡ್ಕೊಳ್ರಿ," ಎಂದರು ಮಾವನವರು. ಎಂ.ಎ. ಎಂದರೆ ಮಾವನ ಆಳು ಎಂದು ವಿಶ್ವವಿದ್ಯಾಲಯದವರು ಮೊದಲೇ ಹೇಳಿದ್ದರೆ ಬಿ.ಎ.ಗೇ ನಿಲ್ಲಿಸುತ್ತಿದ್ದೆ.

ಇಂದು ಬೀರಲಿಂಗಪ್ಪ ಯಂತ್ರದ ಕೆಳಗೆ ಮಲಗಿ ಕೈ ಹೊರಗೆ ಚಾಚಿ, "ಮಾಸ್ತರ, ಹದಿನಾಲ್ಕರ ಪಾನಾ ಕೊಡ್ರಿ," ಎಂದ. ಕೈಗೆ ಸಿಕ್ಕ ಸ್ಪ್ಯಾನರ್ ಕೊಟ್ಟೆ. "ಇದು ಇಪ್ಪತ್ತೆರಡ್ರಿ." ಇನ್ನೊಂದು ಕೊಟ್ಟೆ. "ಇದು ಇಕ್ಕಳ್ರಿ ಮಾಸ್ತರ." ಅವನ ಹೆಂಡತಿ ಹುಚ್ಚವ್ವ ಕಲ್ಲು ತೊಳೆಯುವ ಕೆಲಸದವಳು. ಪೈಪು ಹಿಡಿದುಕೊಂಡೇ ನಕ್ಕಳು. ನೀರು ನನ್ನ ಧೋತರದ ಮೇಲೆ ಬಂತು.

ಇರಲಿ. ವಿದ್ಯಾಗಿರಿಯ ಕಾಲೇಜೊಂದಕ್ಕೆ ಅರ್ಜಿ ಹಾಕಿದ್ದೇನೆ. ಕನ್ನಡ ಉಪನ್ಯಾಸಕರ ಜಾಗ. ದಸರೆಯೊಳಗೆ ನಾನು ಈ ಕಲ್ಲುಪುಡಿಯಿಂದ ಆಚೆ, ಬರೀ ಸುಣ್ಣದ ಪುಡಿ ಹಾರುವ ಕಪ್ಪು ಹಲಗೆಯ ಮುಂದೆ ಇರುತ್ತೇನೆ. ಬರೆದಿಟ್ಟಿದ್ದೇನೆ, ನೋಡಿಕೋ.

೧೯ ಮೇ

ಮಾವನವರು ಮದುವೆಗೆಂದು ಬಾಗಲಕೋಟೆಗೆ ಹೋದರು. "ಸಾಬನ್ನೂ ಮಾತಾಡಿಸಿ ಬರ್ತೇನಿ," ಎಂದು ಮೆಟ್ಟಿಲ ಮೇಲೆ ನಿಂತು ಹೇಳಿದರು. ಬೆಳಗಿನಿಂದ ಸಂಜೆಯವರೆಗೆ ನಾನು ಏನು ಉಂಡೆನೋ ತಿಳಿಯದು. ಉಂಡದ್ದಂತೂ ಹೌದು, ನನ್ನ ಹೆಂಡತಿ ಗುರುಲಿಂಗವ್ವ ನಾಲ್ಕು ರೊಟ್ಟಿ ಎಂದು ಎಣಿಸಿ ಹೇಳಿದಳು.

ಹೆಂಡತಿಗೂ ಹೇಳಿಲ್ಲ. ಅವಳು ಮೊದಲು ಅಪ್ಪನ ಮಗಳು, ಆಮೇಲೆ ನನ್ನ ಹೆಂಡತಿ. ನಾವಿರುವುದೂ ಅವಳ ಅಪ್ಪನ ಮನೆಯಲ್ಲಿ. ಅಳಿಯ ಎಂದರೆ ಅಳಿಯದವನು ಎಂದು ತಿಳಿದು ಇಲ್ಲಿ ಕಾಲಿಟ್ಟೆ.

ಮಾವನವರು ಬಂದರು. ಸಾಬರು ಬಾದಾಮಿಗೆ ಪಂಪ್ ರಿಪೇರಿಗೆ ಹೋಗಿದ್ದರಂತೆ. ಬಾದಾಮಿಯ ಆ ಪಂಪಿಗೆ ದೀರ್ಘಾಯುಷ್ಯ ಬೇಡಬೇಕೋ, ದೀರ್ಘ ಕಾಯಿಲೆ ಬೇಡಬೇಕೋ ತಿಳಿಯದೆ ಎರಡನ್ನೂ ಬೇಡಿಕೊಂಡೆ.

೩೦ ಜೂನ್

ಯಂತ್ರದ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ನಿಘಂಟು ಇಟ್ಟುಕೊಂಡು ಓದಿ ಮುಗಿಸಿದೆ. ನಲವತ್ತೊಂದನೆಯ ಪುಟದಲ್ಲಿ ನನ್ನ ಮರಣಶಾಸನವಿದೆ.

ಭಾರ ಹೇರಿ, ಎತ್ತಿ, ಎಂಜಿನ್ ಬಂದ್ ಮಾಡಿ, ಕಂಬದ ಮೇಲೆ ಗೆರೆ ಹಾಕಿ, ಕಾಯಬೇಕು. ಕೊಂಬು ಗೆರೆಯಿಂದ ಕೆಳಗೆ ಬಂದರೆ ಒಳಗಿನ ಜಾಕಿನ ಸೀಲು ಸವೆದಿದೆ ಎಂದು ಅರ್ಥ. ಕೊಳ್ಳುವ ಮುನ್ನ ಇದನ್ನು ತಪ್ಪದೆ ನೋಡಬೇಕಂತೆ. ಎಲ್ಲರೂ ಊಟಕ್ಕೆ ಹೋದಾಗ ಒಬ್ಬನೇ ಮಾಡಿ ನೋಡಿದೆ. ಬೀಡಿ ಸೇದುವಷ್ಟು ಹೊತ್ತಿನಲ್ಲಿ ಎರಡು ಬೆರಳು ಇಳಿಯಿತು. ಯಾರೂ ಮುಟ್ಟದೆ, ಸದ್ದಿಲ್ಲದೆ, ಮರ್ಯಾದಸ್ಥರ ಹಾಗೆ.

ಹೇಳಬೇಕು. ಹೇಳಿದರೆ ಮಾವನವರು ಕೇಳುವ ಮೊದಲ ಮಾತು: "ಹಂಗಾರ ಸಾಬ ಹ್ಯಾಂಗ ಪಾಸ್ ಮಾಡಿದ?"

ದಪ್ಪನೆಯ ಎಣ್ಣೆ ಹಾಕಿದೆ. ನಟ್ಟು ಬಿಗಿ ಮಾಡಿದೆ. ಈಗ ಒಂದೂವರೆ ಬೆರಳು ಇಳಿಯುತ್ತದೆ. ನಾನೂ ಅಷ್ಟೇ ಸುಧಾರಿಸಿದ್ದೇನೆ.

೧೪ ಆಗಸ್ಟ್

ಒಂದು ಕಲ್ಲು ಒಡೆಯಿತು. ಬೀರಲಿಂಗಪ್ಪ ಎತ್ತಿ ನಿಲ್ಲಿಸಿ ತಂಬಾಕು ತಿಕ್ಕಲು ಇಳಿದಿದ್ದ, ಹಿಂದೆಯೇ ಕೊಂಬೂ ಇಳಿಯಿತು. ಮಾವನವರು ಅವನನ್ನು ಬೈದರು. ನಾನು ಎಣ್ಣೆಡಬ್ಬಿಯ ಮುಚ್ಚಳ ಹುಡುಕುತ್ತಿದ್ದೆ. ಅದು ನನ್ನ ಕೈಯಲ್ಲೇ ಇತ್ತು.

೨೧ ಸೆಪ್ಟೆಂಬರ್

ಎಂಜಿನ್ನಿನ ಎಣ್ಣೆಬಾನಿ ಸೋರುತ್ತಿತ್ತು. ಪ್ಯಾಕಿಂಗ್ ಹಾಳಾಗಿತ್ತು. ಅಂಗಡಿಯಲ್ಲಿ ಅಳತೆ ಸಿಗಲಿಲ್ಲ. ದಪ್ಪ ಕಾಗದದಲ್ಲಿ ನಾನೇ ಕತ್ತರಿಸಿದೆ. ತೂತುಗಳನ್ನು ಮೊಳೆಯಿಂದ ಹೊಡೆದು, ಗ್ರೀಸು ಸವರಿ ಕೂರಿಸಿದರೆ ಹೊಸದನ್ನು ನಾಚಿಸುವಂತೆ ಕೂತಿತು. ಒಂದು ಹನಿ ಇಲ್ಲ. ಬೀರಲಿಂಗಪ್ಪ ಸುತ್ತ ಬೆರಳಾಡಿಸಿ ನೋಡಿ, "ಕೈ ಕೂತೈತ್ರಿ ಮಾಸ್ತರ," ಎಂದ. ಅವನು ತಂದಿದ್ದ ರೊಟ್ಟಿಯನ್ನು ಇಬ್ಬರೂ ಕೊಂಬಿನ ಮೇಲೆ ಕೂತು ತಿಂದೆವು. ಹುಚ್ಚವ್ವನ ಪುಂಡಿಪಲ್ಲೆಗೆ ಡೀಸೆಲ್ ವಾಸನೆಯೂ ಹೊಂದುತ್ತದೆ.

ಕಾಗದ ಎಲ್ಲಿಯದು ಎಂದು ಗುರುಲಿಂಗವ್ವ ಕೇಳಿದಳು. ವಿದ್ಯಾಗಿರಿಯ ಕಾಲೇಜಿನಿಂದ ಬಂದ ಲಕೋಟೆ, ಒಳಗೆ ರಟ್ಟಿನಂಥ ಹಾಳೆ. "ಸಂದರ್ಶನ ನಿನ್ನೆ ಇತ್ತಲ್ರೀ," ಎಂದಳು. ಹೌದು. ನಿನ್ನೆ ಬೆಳಗಿನಿಂದ ಏನೋ ಇತ್ತಲ್ಲ ಎಂದು ಅನ್ನಿಸುತ್ತಲೇ ಇತ್ತು. ಚೈನಿಗೆ ಎಣ್ಣೆ ಬಿಡುವುದಿರಬೇಕು ಎಂದುಕೊಂಡೆ.

ಹೇಗೂ ಯಂತ್ರ ನನ್ನನ್ನು ಬಿಡುತ್ತಿರಲಿಲ್ಲ. ನಾನು ಬಿಟ್ಟರೆ ಬೇರೆ ಯಾರಾದರೂ ನೋಡುತ್ತಾರೆ, ಬೇರೆಯವರು ನೋಡಿದರೆ ಇಳಿಯುವುದು ಕಾಣುತ್ತದೆ. ಆದ್ದರಿಂದ ನಾನು ದಿನಾ ಮೊದಲು ಬರುತ್ತೇನೆ, ಎಲ್ಲರೂ ಹೋದ ಮೇಲೆ ಹೋಗುತ್ತೇನೆ. ಮಾವನವರು ಬಂಧುಗಳೆದುರು "ನಮ್ಮ ಅಳಿಯಂದ್ರು ಮಷೀನಿಗೆ ಜೀವಾ ಇಟ್ಕೊಂಡಾರ" ಎನ್ನುತ್ತಾರೆ. ಜೀವ ಇಟ್ಟದ್ದಲ್ಲ, ಒತ್ತೆ ಇಟ್ಟದ್ದು.

೩ ಅಕ್ಟೋಬರ್

ಹುಚ್ಚವ್ವ ಎತ್ತಿದ ಕಲ್ಲಿನ ಅಡಿಭಾಗ ತೊಳೆಯುತ್ತಿದ್ದಳು. ಬೀರಲಿಂಗಪ್ಪ ಎಂಜಿನ್ ಬಂದ್ ಮಾಡಿ ಸೀಟಿನ ಮೇಲೆ ಕೂತಿದ್ದ. ಕಲ್ಲು ಇಳಿದು, ಕೆಳಗಿದ್ದ ಮರದ ತುಂಡಿನ ಅಂಚಿಗೆ ತಾಗಿ, ವಾಲಿ ಬಿತ್ತು. ಅವಳು ಹಿಂದೆ ಜಿಗಿದಳು. ಸೀರೆಯ ಸೆರಗು ಕಲ್ಲಿನ ಕೆಳಗೆ ಸಿಕ್ಕಿತು. ಸೆರಗು ಮಾತ್ರ. ಅವಳು ಸೆರಗು ಎಳೆದುಕೊಳ್ಳಲು ನೋಡುತ್ತಿದ್ದಳು, ಅದು ಬರುತ್ತಿರಲಿಲ್ಲ, ಅವಳು ಮತ್ತೆ ಎಳೆಯುತ್ತಿದ್ದಳು. ಹೆದರಿದವಳಿಗೆ ಬೇರೇನು ಮಾಡಬೇಕೆಂದು ತೋಚಲಿಲ್ಲ. ಕೊನೆಗೆ ನಾನು ಕುಡುಗೋಲಿನಿಂದ ಸೆರಗು ಕೊಯ್ದೆ.

ಮಾವನವರು ಬಂದರು. "ನಿದ್ದಿ ಹೊಡದಿ ಏನಲೇ? ಮೊಳಕಾಲು ಇಳಸೂ ದಾಂಡಿಗೆ ತಾಗಿಸಿದಿ. ಸ್ವಂತ ಹೇಣತಿನ ಕೊಲ್ಲಾಂವ ನೀ!"

"ಇಲ್ರಿ ಸಾವ್ಕಾರ. ದಾಂಡಿ ಮುಟ್ಟಿಲ್ರಿ. ಎತ್ತು ತಾನ ಇಳೀತೈತ್ರಿ."

"ತಾನ ಇಳ್ಯಾಕ ಅದಕೇನ ಪ್ರಾಯ ಹೋಗೇತೇನು? ಇಬ್ರಾಹಿಂಸಾಬ ಪಾಸ್ ಮಾಡಿದ್ ಮಷೀನ ಅದು! ಕೇಳ್ರಿ ಬೇಕಾರ ಅಳಿಯಂದ್ರನ್ನ."

ಎಲ್ಲರೂ ನನ್ನನ್ನು ನೋಡಿದರು. ನನ್ನ ಕೈಯಲ್ಲಿ ಕುಡುಗೋಲು ಇತ್ತು, ಸೆರಗಿನ ತುಂಡು ಇತ್ತು. ನಾನು ಸೆರಗಿನ ತುಂಡನ್ನು ನಾಲ್ಕು ಮಡಿಕೆ ಮಾಡಿದೆ.

"ನಾಳಿಂದ ಬರಬ್ಯಾಡ," ಎಂದರು ಮಾವನವರು. ಬೀರಲಿಂಗಪ್ಪ ನನ್ನನ್ನೇ ಇನ್ನೂ ನೋಡುತ್ತಿದ್ದ.

೪ ಅಕ್ಟೋಬರ್

ಹಾಸ್ಯ ಬರುತ್ತಿಲ್ಲ.

೮ ಅಕ್ಟೋಬರ್

ಹುಚ್ಚವ್ವ ಕೆಲಸಕ್ಕೆ ಬರುತ್ತಿದ್ದಾಳೆ. ಅವಳನ್ನು ಬಿಡಿಸಿಲ್ಲ. ಬೀರಲಿಂಗಪ್ಪ ಕೆಲಸ ಕೇಳಿಕೊಂಡು ಮೂರು ಫ್ಯಾಕ್ಟರಿಗೆ ಹೋದನಂತೆ. ಹೇಣತಿಯ ಮೇಲೆ ಕಲ್ಲು ಕೆಡವಿದವನು ಎಂಬ ಹೆಸರು ಅವನಿಗಿಂತ ಮೊದಲೇ ಆ ಗೇಟುಗಳನ್ನು ದಾಟಿತ್ತು. ಯಾರೂ ಗಾಡಿ ಮೇಲೆ ಕೂಡಿಸಿಕೊಳ್ಳುತ್ತಿಲ್ಲ.

ಇಂದು ಅವಳು ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತಳು.

"ಮಾಸ್ತರ, ನೀವು ಓದಿದಾವ್ರು. ನಾ ಅದರ ಕೆಳಗ ಇದ್ನಿ. ನನ್ನ ಗಂಡನ ಕಾಲು ಎಲ್ಲಿದ್ವು ಅಂತ ನನಗ ಕಂಡೈತಿ. ದಾಂಡಿ ಮ್ಯಾಲ ಇರಲಿಲ್ಲ."

"ಹೌದವ್ವ."

"ಹೌದು ಅಂತ ನನಗ ಹೇಳಿದ್ರ ಏನ ಬಂತ್ರಿ?" ಎಂದು ಪೈಪು ಎಳೆದುಕೊಂಡು ಹೋದಳು.

೧೦ ಅಕ್ಟೋಬರ್

ಮೊದಲ ಬಸ್ಸಿಗೆ ಬಾಗಲಕೋಟೆಗೆ ಹೋದೆ. ಅಮೀನಗಡದಲ್ಲಿ ಇಳಿದು ಅರ್ಧ ಕಿಲೋ ಕರದಂಟು ಕೊಂಡೆ. ಈ ಸಲ ಪೊಟ್ಟಣಕ್ಕೆ ದಾರ ಸುತ್ತಿಸಿ ಏಳು ಗಂಟು ಹಾಕಿಸಿದೆ. ಇಡೀ ಅರ್ಧ ಕಿಲೋವನ್ನು, ಒಂದು ತುಂಡೂ ಮುಕ್ಕಾಗದಂತೆ, ಸಾಬರ ಕೈಗೆ ಒಪ್ಪಿಸಿದೆನೆಂದು ಇಲ್ಲಿ ಹೆಮ್ಮೆಯಿಂದ ದಾಖಲಿಸುತ್ತೇನೆ.

ಇಬ್ರಾಹಿಂಸಾಬರು ಎಪ್ಪತ್ತರ ಹತ್ತಿರದವರು. ಗಡ್ಡ ಬಿಳಿ, ಉಗುರು ಕಪ್ಪು. ಎಲ್ಲವನ್ನೂ ಹೇಳಿದೆ. ಗಸಗಸೆಯವರೆಗೂ ಹೇಳಿದೆ. ಅವರು ನಗಲಿಲ್ಲ.

"ಏಳು ತಿಂಗಳು ನನ್ನ ಹೆಸರ ಮ್ಯಾಲ ಆ ಗಾಡಿ ಓಡೈತಿ ಅನ್ರಿ."

"ತಪ್ಪಾತ್ರಿ ಸಾಬರ."

"ಆ ಹೆಣ್ಮಗಳಿಗೆ ಏನಾರ ಆಗಿದ್ರ, ಅದೂ ನನ್ನ ಹೆಸರ ಮ್ಯಾಲ ಇರ್ತಿತ್ತು."

ಸಾಬರು ಪೊಟ್ಟಣವನ್ನು ಬದಿಗಿಟ್ಟು, "ಖಂಡೇಪೂಜಿಗೆ ನಿಮ್ಮ ಮಾವ ವರ್ಷಾ ಕರೀತಾನ. ಈ ವರ್ಷ ಬರ್ತೇನಿ. ಆ ಡ್ರೈವರನ್ನ ಬರಾಕ ಹೇಳ್ರಿ," ಎಂದರು.

೧೫ ಅಕ್ಟೋಬರ್, ಖಂಡೇಪೂಜೆ

ಆಯುಧ ಹಿಡಿದವನೇ ಅದಕ್ಕೆ ಪೂಜೆ ಮಾಡಬೇಕು. ಕೆಲಸದಿಂದ ಬಿಟ್ಟರೂ ಆ ವರ್ಷದ ಪೂಜೆಗೆ ಅವನ ಕೈಯೇ ಬೇಕು. ಇದನ್ನು ಮುರಿಯುವ ಧೈರ್ಯ ಮಾವನವರಿಗೂ ಇಲ್ಲ. ಬೀರಲಿಂಗಪ್ಪ ಬಂದ. ಒಗೆದ ಧೋತರ, ಹೆಗಲ ಮೇಲೆ ಕಂಬಳಿ. ನನ್ನ ಕಡೆ ನೋಡಲಿಲ್ಲ.

ಸಾಬರು ಮಾವನವರಿಗೆ, "ಹುಲ್ಲಪ್ಪ, ಒಂದು ದೊಡ್ಡ ಕಲ್ಲು ಎತ್ತಿಸಿ ನಿಂದ್ರಸು. ಖಾಲಿ ಕೊಂಬಿಗೆಂತಾ ಪೂಜಿ?" ಎಂದರು. ಬೀರಲಿಂಗಪ್ಪ ಎತ್ತಿದ. ಎಂಜಿನ್ ಬಂದ್ ಮಾಡಿ ಕೆಳಗಿಳಿದ. ಎಂದಿನಂತೆ ಭಂಡಾರದಲ್ಲಿ ಬೆರಳದ್ದಿ, ಕೊಂಬಿನಿಂದ ಕಂಬದವರೆಗೆ ಒಂದೇ ಅಡ್ಡಗೆರೆ ಎಳೆದ.

"ಸಾವಕಾಶ ಆರತಿ ಆಗಲ್ರಿ," ಎಂದರು ಸಾಬರು. ಹೆಣ್ಣುಮಕ್ಕಳು ಮೂರು ಹಾಡು ಹಾಡಿದರು. ಎರಡನೆಯ ಹಾಡಿನ ಹೊತ್ತಿಗೆ ಗೆರೆ ಮುರಿದಿತ್ತು. ಕಂಬದ ಹಳದಿ ಮೇಲೆ, ಕೊಂಬಿನ ಹಳದಿ ಕೆಳಗೆ. ಮೂರನೆಯದು ಮುಗಿಯುವಾಗ ನಡುವೆ ನಾಲ್ಕು ಬೆರಳು. ಸೀಟಿನ ಮೇಲೆ ಒಂದು ತೆಂಗಿನಕಾಯಿ ಬಿಟ್ಟರೆ ಯಾರೂ ಇರಲಿಲ್ಲ.

ಮಾವನವರು ಹತ್ತಿರ ಹೋಗಿ ಬೆರಳಿಟ್ಟು ಅಳೆದರು. ತಿರುಗಿ ಬೀರಲಿಂಗಪ್ಪನಿಗೆ, "ಸೋಮವಾರದಿಂದ ಅಲ್ಲ, ನಾಳೇನ ಬಾ," ಎಂದರು. ಹುಚ್ಚವ್ವ ಮುಖಕ್ಕೆ ಸೆರಗು ಹಿಡಿದಳು. ಹೊಸ ಸೀರೆ.

ನನ್ನ ಉಪಾಯ ಫಲಿಸಿತು! ಬೀರಲಿಂಗಪ್ಪನನ್ನು ನಾನು ಉಳಿಸಿದೆ!

ಆಮೇಲೆ ಮಾವನವರು ಕೇಳಿದರು: "ಸಾಬ, ಮಾರ್ಚಿನ್ಯಾಗ ನೀ ಇದನ್ನ ನೋಡಲಿಲ್ಲೇನು?"

ಸಾಬರು ನನ್ನತ್ತ ನೋಡಿದರು. ನನಗೆ ಮಾತಾಡಲು ಬೇಕಾದಷ್ಟು ಸಮಯ ಕೊಟ್ಟರು. ಮೂರು ಹಾಡಿಗಿಂತ ಉದ್ದ ಇತ್ತು ಅದು.

"ಖಾಲಿ ಎತ್ತಿ ನೋಡಿದ್ನೆಪಾ," ಎಂದರು ಕೊನೆಗೆ. "ಕರದಂಟ ಭಾಳ ರುಚಿ ಇತ್ತು. ಅದರಾಗ ಮರತೆ."

ಎಲ್ಲರೂ ನಕ್ಕರು. ಮಾವನವರು ನಗಲಿಲ್ಲ. "ನಿನಗ ಮುಪ್ಪಾತು ಸಾಬ. ವರ್ಷಾ ನೀ ಮಾಡೂ ಖಣಿ ಪಂಪಿನ ರಿಪೇರಿ ಇನ್ನ ಬ್ಯಾರೇದವರಿಗೆ ಹೇಳ್ತೇನಿ," ಎಂದರು. ಸಾಬರು ತಲೆದೂಗಿದರು. ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಹೋದೆ. ಅವರು ದಾರಿಯುದ್ದಕ್ಕೂ ಸೀಲು ಎಲ್ಲಿ ಸಿಗುತ್ತದೆ, ಹೇಗೆ ಕೂರಿಸಬೇಕು ಎಂಬುದನ್ನಷ್ಟೇ ಹೇಳಿದರು.

೧೬ ಅಕ್ಟೋಬರ್, ಬನ್ನಿ ಹಬ್ಬ

ಇಂದು ಬನ್ನಿ ಕೊಟ್ಟು ಹಳೆಯದನ್ನೆಲ್ಲ ಮರೆಯುವ ದಿನ. ಇಂದು ನಾನು ಗಂಡಸಾದೆ. ಬನ್ನಿ ಎಲೆ ಹಿಡಿದು, ನೆಟ್ಟಗೆ ನಿಂತು, ಗಟ್ಟಿ ದನಿಯಲ್ಲಿ ಎಲ್ಲವನ್ನೂ ಹೇಳಿದೆ. ಸಾಬರು ಯಂತ್ರವನ್ನು ನೋಡಿಯೇ ಇಲ್ಲ, ಕರದಂಟು ತಿಂದವನು ನಾನು, ತಲೆಯಾಡಿಸಿದವನು ನಾನು, ಹುಚ್ಚವ್ವನ ಸೆರಗಿನ ಮೇಲೆ ಬಿದ್ದ ಕಲ್ಲು ನನ್ನದು, ಮುಪ್ಪು ಬಂದದ್ದು ಸಾಬರ ಕೈಗಲ್ಲ, ನನ್ನ ನಾಲಗೆಗೆ. ಒಂದಕ್ಷರ ಬಿಡಲಿಲ್ಲ. ದನಿ ನಡುಗಲಿಲ್ಲ. ಏಳು ತಿಂಗಳ ಹೊರೆಯನ್ನು ಒಂದೇ ಏಟಿಗೆ ಇಳಿಸಿದೆ. ಇಂಥ ಧೈರ್ಯ ನಮ್ಮ ವಂಶದಲ್ಲಿ ಯಾರೂ ತೋರಿಸಿದ್ದಿಲ್ಲ.

೧೭ ಅಕ್ಟೋಬರ್, ಸೋಮವಾರ

ನಿನ್ನೆಯ ಬರಹಕ್ಕೆ ಒಂದೆರಡು ತಿದ್ದುಪಡಿ.

ಹತ್ತನೆಯ ತಾರೀಕಿನ ಪೊಟ್ಟಣದಲ್ಲಿ ನಾಲ್ಕು ತುಂಡು ಕಡಿಮೆ ಇದ್ದವು. ಆರನೆಯ ಗಂಟು ಸಡಿಲವಾಗಿತ್ತು.

ಮತ್ತು ನಿನ್ನೆ ಹೇಳಿದ್ದೇನೋ ನಿಜ, ಒಂದಕ್ಷರ ಬಿಡದೆ ಹೇಳಿದ್ದೂ ನಿಜ. ಹೇಳಿದ್ದು ಎತ್ತಿಗೆ. ಮಾವನವರು ಊರವರಿಗೆ ಬನ್ನಿ ಕೊಡಲು ಹೋಗಿದ್ದರು. ಫ್ಯಾಕ್ಟರಿಯಲ್ಲಿ ಯಾರೂ ಇಲ್ಲವೆಂದು ತಿಳಿದು ಕೊಂಬಿನ ಮೇಲೆ ಬನ್ನಿಯಿಟ್ಟು ಹೇಳಿದೆ. ಮುಗಿದ ಮೇಲೆ ಕೆಳಗಿನಿಂದ ಎಣ್ಣೆ ಮೆತ್ತಿದ ಒಂದು ಕೈ ಹೊರಬಂತು.

"ಹದಿನಾಲ್ಕರ ಪಾನಾ ಕೊಡ್ರಿ ಮಾಸ್ತರ."

ಕೊಟ್ಟೆ. ಜಾಕು ಬಿಚ್ಚುವ ಸದ್ದು ಬಹಳ ಹೊತ್ತು ಬಂತು. ಅವನು ಬೇರೆ ಪಾನಾ ಕೇಳಲಿಲ್ಲ.

"ಸಾವ್ಕಾರ್ರಿಗೆ ಯಾವಾಗ ಹೇಳ್ತೀರಿ?" ಎಂದ ಅಲ್ಲಿಂದಲೇ.

"ಸೋಮವಾರ," ಎಂದೆ.

ಇಂದು ಮಾವನವರು ನನ್ನ ಟೇಬಲ್ಲಿನ ಮುಂದೆ ಐದು ಸಲ ಹಾದುಹೋದರು. ಒಮ್ಮೆ ನಿಂತು, "ಏನರ ಹೇಳೂದೈತೇನ್ರಿ?" ಎಂದೂ ಕೇಳಿದರು. ಬೀರಲಿಂಗಪ್ಪ ಕೆಲಸ ನಿಲ್ಲಿಸಿ ನೋಡುತ್ತಿದ್ದ. ಹುಚ್ಚವ್ವ ಪೈಪಿನ ನೀರು ಬಂದ್ ಮಾಡಿದಳು.

"ಹೂಂ ರಿ," ಎಂದೆ. "ಎರಡು ಕಿಲೋ ಗ್ರೀಸು ತರಿಸಬೇಕಾಗೈತಿ."